ಒಂದೇ ತೋಟ, ಹಲವು ವರ್ಷಗಳು: ಶಾಟೋ ಲೆಯೋವಿಲ್ ಬಾರ್ಟನ್ ವರ್ಟಿಕಲ್ ಕೂಟಕ್ಕೆ ಸಲಹೆ ಬೇಕು

ಪ್ರಶ್ನೆ: ಮೆಡಾಕ್‌ಪ್ರಿಯ, ಲಂಡನ್

ಎಲ್ಲರಿಗೂ ನಮಸ್ಕಾರ. ಲಂಡನ್ನಿನ ಆಸುಪಾಸಿನಲ್ಲಿ ನೆಲೆಸಿರುವ ನಾವು ಕೆಲವು ಕನ್ನಡಿಗ ಗೆಳೆಯರು ಫ್ರಾನ್ಸಿನ ಬೋರ್ಡೋ ಪ್ರದೇಶದ ಒಂದೇ ತೋಟದ ಕೆಂಪು ವೈನನ್ನು, ಬೇರೆ ಬೇರೆ ವರ್ಷದ ಬಾಟಲಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಒಂದೇ ಸಂಜೆ ಸವಿಯುವ ಕೂಟವನ್ನು, ಅಂದರೆ ವೈನ್ ಬಲ್ಲವರು ವರ್ಟಿಕಲ್ ಎನ್ನುವುದನ್ನು, ಈ ಚಳಿಗಾಲದಲ್ಲಿ ನಡೆಸಬೇಕೆಂದು ಯೋಚಿಸಿದ್ದೇವೆ. ತೋಟದ ಆಯ್ಕೆಗೆ ಹೆಚ್ಚು ಚರ್ಚೆ ಬೇಕಾಗಲಿಲ್ಲ. ಲಫೀತ್, ಲತೂರ್‌ನಂತಹ ಮೊದಲ ದರ್ಜೆಯ ಹೆಸರುಗಳು ನಮ್ಮ ಜೇಬಿಗೆ ಎಟುಕುವಂಥವಲ್ಲ. ಬೋರ್ಡೋದ ಮೆಡಾಕ್ ಭಾಗದ ಸೇಂಟ್-ಜೂಲಿಯೆನ್ ಊರಿನ ಲೆಯೋವಿಲ್ ಬಾರ್ಟನ್, ಅಲ್ಲಿನ ತೋಟಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದ 1855ರ ವರ್ಗೀಕರಣದಲ್ಲಿ ಎರಡನೆಯ ದರ್ಜೆ ಪಡೆದ ತೋಟ. 1826ರಿಂದ ಇಂದಿನವರೆಗೆ ಒಂದೇ ಮನೆತನದ ಕೈಯಲ್ಲಿದೆ. ತನ್ನ ದರ್ಜೆಯ ನೆರೆಹೊರೆಯವರಿಗೆ ಹೋಲಿಸಿದರೆ ಬೆಲೆಯಲ್ಲಿಯೂ ಸಂಯಮ ಉಳಿಸಿಕೊಂಡು ಬಂದಿದೆ.

ನಾವು ಹಾಕಿಕೊಂಡಿರುವ ಪಟ್ಟಿ ಹೀಗಿದೆ: 1986, 1990, 1996, 2000, 2003, 2005, 2009, 2010 ಮತ್ತು 2016. ಇವುಗಳಲ್ಲಿ 1996, 2000, 2003, 2009 ಮತ್ತು 2010 ಈಗಾಗಲೇ ನಮ್ಮಲ್ಲಿವೆ, ಉಳಿದವನ್ನು ಕೊಳ್ಳಬೇಕಾಗಿದೆ. ಸೇರುವವರು ಹನ್ನೆರಡು ಮಂದಿ. ಅವರಲ್ಲಿ ಮೂವರಿಗೆ ಮಾತ್ರ ಹಳೆಯ ಬೋರ್ಡೋ ವೈನಿನ ಪರಿಚಯವಿದೆ.

ಯಾವ ಕ್ರಮದಲ್ಲಿ ಬಡಿಸಬೇಕು, ಯಾವುದನ್ನು ಎಷ್ಟು ಹೊತ್ತು ಮುಂಚೆ ತೆರೆಯಬೇಕು, ಮತ್ತು ಈ ಪಟ್ಟಿಯಲ್ಲಿ ಏನನ್ನಾದರೂ ಬದಲಿಸಬೇಕೇ ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ: ಹಳೆಬಿರಡೆ

ಪಟ್ಟಿಯನ್ನು ನೋಡಿದೊಡನೆ ಕಣ್ಣಿಗೆ ಬಿದ್ದದ್ದು, ಅದರಲ್ಲಿ ಒಂದೂ ಸಾಧಾರಣ ವರ್ಷವಿಲ್ಲ ಎಂಬುದು. ವಿಮರ್ಶಕರ ಅಂಕಗಳನ್ನು ಎದುರಿಗಿಟ್ಟುಕೊಂಡು ಮಾಡಿದ ಪಟ್ಟಿಗಳೆಲ್ಲ ಹೀಗೆಯೇ ಇರುತ್ತವೆ. ಅವುಗಳಿಂದ ಸಂಜೆ ಸುಖವಾಗಿ ಕಳೆಯುತ್ತದೆ, ಆದರೆ ಮನೆಗೆ ಹೋಗುವಾಗ ಯಾರಿಗೂ ಹೆಚ್ಚೇನೂ ತಿಳಿದಿರುವುದಿಲ್ಲ. ಒಂಬತ್ತು ಒಳ್ಳೆಯ ವೈನುಗಳನ್ನು ಕುಡಿದು ಒಂಬತ್ತೂ ಚೆನ್ನಾಗಿದ್ದವು ಎನ್ನುವುದಾದರೆ ಅದಕ್ಕೆ ವರ್ಟಿಕಲ್ ಏಕೆ, ಒಂಬತ್ತು ಬೇರೆ ಬೇರೆ ತೋಟಗಳ ಬಾಟಲಿಗಳೇ ಆಗಬಹುದಲ್ಲ? ಒಂದೇ ತೋಟವನ್ನು ಹಿಡಿದುಕೊಳ್ಳುವುದರ ಅರ್ಥ ಇಷ್ಟೇ: ನೆಲ ಅದೇ, ಬಳ್ಳಿಗಳು ಹೆಚ್ಚುಕಡಿಮೆ ಅವೇ, ಕೈಗಳೂ ಅವೇ, ಬದಲಾದದ್ದು ಆ ವರ್ಷದ ಮಳೆ ಬಿಸಿಲು ಮತ್ತು ಅಂದಿನಿಂದ ಇಂದಿಗೆ ಸರಿದ ಕಾಲ. ಇವೆರಡನ್ನು ಒಂದರಿಂದ ಒಂದನ್ನು ಬಿಡಿಸಿ ನೋಡಲು ಸಾಧ್ಯವಾದರೆ ಕೂಟ ಸಾರ್ಥಕ. 1990ರ ಪಕ್ಕದಲ್ಲಿ 2010ನ್ನು ಇಟ್ಟರೆ ಕಾಣುವ ವ್ಯತ್ಯಾಸದಲ್ಲಿ ಎಷ್ಟು ಪಾಲು ಹವೆಯದು, ಎಷ್ಟು ಪಾಲು ಇಪ್ಪತ್ತು ವರ್ಷಗಳ ವಯಸ್ಸಿನದು ಎಂದು ಹೇಳಲು ನುರಿತವರಿಗೂ ಕಷ್ಟವಾಗುತ್ತದೆ.

ಆದ್ದರಿಂದ ನನ್ನ ಸಲಹೆ, ಪಟ್ಟಿಯನ್ನು ಜೋಡಿಗಳಾಗಿ ಕಟ್ಟಿರಿ. ಪ್ರತಿ ಜೋಡಿಯಲ್ಲಿಯೂ ಬೆನ್ನುಬೆನ್ನಿಗೆ ಬಂದ ಎರಡು ವರ್ಷಗಳಿರಲಿ. ವಯಸ್ಸಿನಲ್ಲಿ ಒಂದೇ ವರ್ಷದ ಅಂತರವಿದ್ದಾಗ, ಲೋಟದಲ್ಲಿ ಕಾಣುವ ಭೇದವೆಲ್ಲ ಬಹುಪಾಲು ಹವೆಯಿಂದಲೇ ಬಂದದ್ದೆಂದು ಧೈರ್ಯವಾಗಿ ಹೇಳಬಹುದು. 1985 ಮತ್ತು 1986, 1995 ಮತ್ತು 1996, 2000 ಮತ್ತು 2001, 2003 ಮತ್ತು 2004, 2009 ಮತ್ತು 2010, ಹೀಗೆ ಐದು ಜೋಡಿ. ನಿಮ್ಮಲ್ಲಿರುವ ಐದೂ ಬಾಟಲಿಗಳು ಇದರೊಳಗೆ ಬರುತ್ತವೆ. 1990, 2005 ಮತ್ತು 2016ಕ್ಕೆ ಇಟ್ಟ ಹಣ ಉಳಿಯುತ್ತದೆ. 1995, 2001 ಮತ್ತು 2004 ಅವುಗಳಿಗಿಂತ ಅಗ್ಗವಾಗಿ ಸಿಗುತ್ತವೆ.

ಜೋಡಿಗಳ ಒಳಗಿನ ಕಥೆಯನ್ನು ಸ್ವಲ್ಪ ಹೇಳುತ್ತೇನೆ, ಏಕೆಂದರೆ ಕೂಟದ ಜೀವ ಇರುವುದು ಅಲ್ಲಿಯೇ. ಲೆಯೋವಿಲ್ ಬಾರ್ಟನ್‌ನಲ್ಲಿ ಕ್ಯಾಬರ್ನೇ ಸುವಿನ್ಯೋನ್ ದ್ರಾಕ್ಷಿಯ ಪಾಲು ಸುಮಾರು ಮುಕ್ಕಾಲು. ಉಳಿದುದರಲ್ಲಿ ಹೆಚ್ಚಿನದು ಮರ್ಲೋ, ಜೊತೆಗೆ ಅಲ್ಪ ಪ್ರಮಾಣದ ಕ್ಯಾಬರ್ನೇ ಫ್ರಾಂಕ್. ಮರ್ಲೋ ಬೇಗ ಮಾಗುತ್ತದೆ, ಕ್ಯಾಬರ್ನೇ ಸುವಿನ್ಯೋನ್ ಒಂದೆರಡು ವಾರ ತಡವಾಗಿ. ಹಾಗಾಗಿ ಈ ತೋಟದ ಅದೃಷ್ಟ ಸೆಪ್ಟೆಂಬರಿನ ಕೊನೆ ಮತ್ತು ಅಕ್ಟೋಬರಿನ ಮೊದಲ ದಿನಗಳ ಮೇಲೆ ನಿಂತಿರುತ್ತದೆ. 1996ನ್ನು ನೋಡಿರಿ. ಆ ವರ್ಷದ ಆಗಸ್ಟಿನಲ್ಲಿ ತಂಪು ಮತ್ತು ಮಳೆ ಎರಡೂ ಇದ್ದವು, ಮರ್ಲೋವನ್ನೇ ನೆಚ್ಚಿಕೊಂಡಿದ್ದ, ನದಿಯ ಬಲದಂಡೆಯ ತೋಟಗಳು ಸೊರಗಿದವು. ಆದರೆ ಮೆಡಾಕ್‌ನಲ್ಲಿ ಕೊಯ್ಲಿನ ಕೊನೆಯ ವಾರಗಳು ಒಣ ಬಿಸಿಲಿನಿಂದ ಕೂಡಿದ್ದು, ಕಾದಿದ್ದ ಕ್ಯಾಬರ್ನೇ ಗಟ್ಟಿಯಾದ ಹುಳಿಯನ್ನೂ ನೇರವಾದ ಸುವಾಸನೆಯನ್ನೂ ಉಳಿಸಿಕೊಂಡು ಮಾಗಿತು. 1995ರದು ತಿರುವುಮುರುವು: ಬೇಸಿಗೆ ಬಿಸಿಯಾಗಿ ಒಣಗಿತ್ತು, ಮಳೆ ಬಂದದ್ದು ಸೆಪ್ಟೆಂಬರಿನಲ್ಲಿ. 1995ರ ವೈನಿನಲ್ಲಿ ಹಣ್ಣಿನ ಮೈ ಹೆಚ್ಚು, 1996ರಲ್ಲಿ ಎಲುಬು ಹೆಚ್ಚು. ಎರಡನ್ನೂ ಒಟ್ಟಿಗೆ ಮೂಸಿದವರು ಈ ಭೇದವನ್ನು ಮರೆಯುವುದಿಲ್ಲ.

1985 ಮತ್ತು 1986ರ ಜೋಡಿ ಇನ್ನೂ ಸ್ಪಷ್ಟ. 1985 ಮೊದಲಿನಿಂದಲೂ ಮೃದುವಾಗಿ, ಯಾರನ್ನೂ ನೋಯಿಸದೆ ಬೆಳೆದ ವೈನ್. 1986 ಬಿಗಿಯಾದ ಟ್ಯಾನಿನ್ನಿನಿಂದಾಗಿ ಹತ್ತಾರು ವರ್ಷ ಬಾಯಿ ಬಿಡದೆ ಕುಳಿತ ವೈನ್. ಟ್ಯಾನಿನ್ ಎಂದರೆ ಏನೆಂದು ನಿಮ್ಮ ಹೊಸಬರು ಕೇಳಿದರೆ, ನೇರಳೆಹಣ್ಣು ತಿಂದ ಮೇಲೆ ನಾಲಿಗೆಯ ಮೇಲೆ ಕೂರುವ ಒಗರನ್ನು ನೆನಪಿಸಿರಿ. ಬೇರೆ ವಿವರಣೆ ಬೇಕಾಗುವುದಿಲ್ಲ. 2003 ಮತ್ತು 2004ರ ಜೋಡಿಯನ್ನು ಬೇಕೆಂದೇ ಸೇರಿಸಿದ್ದೇನೆ. 2003ರ ಆಗಸ್ಟಿನಲ್ಲಿ ಯುರೋಪನ್ನು ಸುಟ್ಟ ಬಿಸಿಗಾಳಿ ಬೋರ್ಡೋದ ಎಷ್ಟೋ ತೋಟಗಳಲ್ಲಿ ದ್ರಾಕ್ಷಿಯನ್ನು ಬಳ್ಳಿಯಲ್ಲೇ ಬಾಡಿಸಿತು. ಆದರೆ ಜಿರೋಂಡ್ ಅಳಿವೆಗೆ ಹತ್ತಿರವಿದ್ದು ಜಲ್ಲಿಯ ಕೆಳಗೆ ಜೇಡಿಮಣ್ಣಿನ ತೇವವನ್ನು ಉಳಿಸಿಕೊಂಡಿದ್ದ ಮೆಡಾಕ್‌ನ ಉತ್ತರದ ತೋಟಗಳು ಬಹುಮಟ್ಟಿಗೆ ಪಾರಾದವು, ಮತ್ತು ಲೆಯೋವಿಲ್ ಬಾರ್ಟನ್ ಆ ವರ್ಷ ಎಲ್ಲರ ಮೆಚ್ಚುಗೆ ಪಡೆದ ವೈನುಗಳಲ್ಲಿ ಒಂದನ್ನು ಮಾಡಿತು. ಮರುವರ್ಷ, 2004ರಲ್ಲಿ, ಹವೆ ತನ್ನ ಹಳೆಯ ನಡತೆಗೆ ಮರಳಿತು. ಬೆಳೆ ಎಷ್ಟು ಹುಲುಸಾಗಿತ್ತೆಂದರೆ ಎಚ್ಚರವುಳ್ಳವರು ಬೇಸಿಗೆಯಲ್ಲಿಯೇ ಹಸಿರು ಗೊಂಚಲುಗಳನ್ನು ಕತ್ತರಿಸಿ ನೆಲಕ್ಕೆ ಹಾಕಬೇಕಾಯಿತು. 2004ರಲ್ಲಿ ದೊಣ್ಣೆಮೆಣಸಿನಕಾಯಿಯ ಹಸಿ ವಾಸನೆಯ ಎಳೆ ನಿಮಗೆ ಸಿಗಬಹುದು; ಪೂರ್ತಿ ಮಾಗದ ಕ್ಯಾಬರ್ನೇಯಲ್ಲಿ ಉಳಿಯುವ ಪಿರಾಜಿನ್ ಎಂಬ ರಾಸಾಯನಿಕದಿಂದ ಬರುವ ವಾಸನೆ ಅದು. ನನಗಂತೂ ಅದು ದೋಷವೆನಿಸುವುದಿಲ್ಲ, ಅತಿಯಾಗದಿದ್ದರೆ ಮೆಡಾಕ್‌ನ ಗುರುತೆಂದೇ ಅನಿಸುತ್ತದೆ.

ಉಳಿದ ಎರಡು ಜೋಡಿಗಳ ಬಗ್ಗೆ ಹೆಚ್ಚು ಹೇಳುವುದು ಬೇಡ. 2000ದ ಗದ್ದಲದಲ್ಲಿ ಜಗತ್ತು 2001ನ್ನು ಸರಿಯಾಗಿ ನೋಡಲೇ ಇಲ್ಲ. 2009 ತೆರೆದ ತೋಳಿನ ವೈನ್, 2010 ಅಷ್ಟೇ ಸಾಂದ್ರವಾದರೂ ಹುಳಿ ಮತ್ತು ಒಗರು ಎರಡನ್ನೂ ಹೆಚ್ಚಾಗಿ ಹೊತ್ತ ವೈನ್.

ಕ್ರಮದ ವಿಷಯದಲ್ಲಿ, ಹಳೆಯದರಿಂದ ಎಳೆಯದಕ್ಕೆ ಬನ್ನಿರಿ. 2010ರ ಟ್ಯಾನಿನ್ ಬಾಯಿಯಲ್ಲಿ ಕುಳಿತ ಮೇಲೆ 1985 ನೀರಿನಂತೆ ಕಾಣುತ್ತದೆ, ಅದು ಆ ವೈನಿಗೆ ಮಾಡುವ ಅನ್ಯಾಯ.

ಉತ್ತರ: ಜಲ್ಲಿನೆಲ

ಜೋಡಿಗಳ ಸಲಹೆಯನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ "ಕೈಗಳೂ ಅವೇ" ಎಂಬ ಮಾತಿಗೆ ಒಂದು ಷರತ್ತು ಸೇರಿಸಬೇಕು. ಆಂಥೊನಿ ಬಾರ್ಟನ್ ತಮ್ಮ ಚಿಕ್ಕಪ್ಪ ರೊನಾಲ್ಡ್ ಬಾರ್ಟನ್ನರಿಂದ ತೋಟದ ಹೊಣೆಯನ್ನು ಪಡೆದದ್ದು 1983ರಲ್ಲಿ. ಅವರು 2022ರ ಜನವರಿಯಲ್ಲಿ ತೀರಿಕೊಂಡರು, ಅದಕ್ಕೂ ಬಹಳ ಹಿಂದಿನಿಂದ ಮಗಳು ಲಿಲಿಯನ್ ಬಾರ್ಟನ್ ಸಾರ್ಟೋರಿಯಸ್ ಅವರ ಜೊತೆಗೆ ದುಡಿಯುತ್ತಿದ್ದರು. ಹಾಗಾಗಿ 1985ರಿಂದ 2010ರವರೆಗಿನ ನಿಮ್ಮ ಪಟ್ಟಿ ಒಬ್ಬರ ಆಳ್ವಿಕೆಯೊಳಗೇ ಬರುತ್ತದೆ, ಇದು ಒಳ್ಳೆಯದು. ಯಾರಾದರೂ 1970 ಅಥವಾ 1975ರ ಬಾಟಲಿಯನ್ನು ಕೊಡುತ್ತೇವೆಂದು ಬಂದರೆ, ಅದು ಎಷ್ಟೇ ಆಕರ್ಷಕವಾಗಿದ್ದರೂ ಈ ಕೂಟದಿಂದ ಹೊರಗಿಡಿ; ಅದು ಬೇರೊಂದು ಕಾಲದ, ಬೇರೊಂದು ಮನೋಧರ್ಮದ ವೈನ್.

ಆಂಥೊನಿಯವರ ಕಾಲದ ಒಳಗೂ ಬದಲಾವಣೆ ನಡೆದಿದೆ. ಬೋರ್ಡೋ ತುಂಬ 1980ರ ದಶಕದಲ್ಲಿ ಸಾಮಾನ್ಯವಾಗಿದ್ದ, ಹುದುಗುವ ರಸಕ್ಕೆ ಸಕ್ಕರೆ ಸೇರಿಸಿ ಮದ್ಯದ ಪ್ರಮಾಣ ಏರಿಸುವ ಪದ್ಧತಿ ಬಿಸಿ ವರ್ಷಗಳಲ್ಲಿ ಅನಗತ್ಯವಾಯಿತು. ಅಂದಿನ ಲೇಬಲ್ಲುಗಳ ಮೇಲೆ 12.5% ಎಂದು ಕಾಣುತ್ತಿದ್ದಲ್ಲಿ ಈಗ 13% ಅಥವಾ 13.5% ಎಂದು ಕಾಣುತ್ತದೆ. ಮುಖ್ಯ ವೈನಿಗೆ ಯಾವ ಪೀಪಾಯಿ ಸೇರಬೇಕು, ಯಾವುದು ಎರಡನೆಯ ವೈನಾದ ಲಾ ರಿಸರ್ವ್‌ಗೆ ಹೋಗಬೇಕು ಎಂಬ ಆಯ್ಕೆಯೂ ಬಿಗಿಯಾಗಿದೆ. ಮೊದಲ ಜೋಡಿಗೂ ಕೊನೆಯ ಜೋಡಿಗೂ ನಡುವಿನ ವ್ಯತ್ಯಾಸವನ್ನು ಚರ್ಚಿಸುವಾಗ ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಬಾರದು ಎಂಬುದಕ್ಕಾಗಿ ಇಷ್ಟು ಹೇಳಿದೆ.

ಈ ತೋಟಕ್ಕೆ ತನ್ನದೇ ಆದ ಶಾಟೋ ಕಟ್ಟಡವಿಲ್ಲ ಎಂಬುದು ನಿಮ್ಮ ಗೆಳೆಯರಿಗೆ ಸ್ವಾರಸ್ಯವೆನಿಸಬಹುದು. ಐರ್ಲೆಂಡಿನಿಂದ ಬಂದ ವ್ಯಾಪಾರಿ ಮನೆತನದ ಹ್ಯೂ ಬಾರ್ಟನ್ 1821ರಲ್ಲಿ ಲಾಂಗ್ವಾ ತೋಟವನ್ನು ಅದರ ಬಂಗಲೆಯ ಸಮೇತ ಕೊಂಡರು; ಐದು ವರ್ಷಗಳ ಬಳಿಕ, ಫ್ರೆಂಚ್ ಕ್ರಾಂತಿಯ ನಂತರ ಹೋಳಾಗತೊಡಗಿದ್ದ ಬೃಹತ್ ಲೆಯೋವಿಲ್ ಎಸ್ಟೇಟಿನ ಒಂದು ಭಾಗವನ್ನು ಬರಿಯ ಭೂಮಿಯಾಗಿ ಕೊಂಡರು. ಅಂದಿನಿಂದ ಲೆಯೋವಿಲ್ ಬಾರ್ಟನ್ ತಯಾರಾಗುವುದು ಲಾಂಗ್ವಾದ ಆವರಣದಲ್ಲಿಯೇ. ಉಳಿದ ಭಾಗಗಳು ಇಂದಿನ ಲಾಸ್ ಕಾಸ್ ಮತ್ತು ಪೊಯ್‌ಫೆರೆ ಆದವು. ಮೂರೂ ಎರಡನೆಯ ದರ್ಜೆಯ ತೋಟಗಳು. ಮೊದಲ ದರ್ಜೆಯ ತೋಟ ಒಂದೂ ಇಲ್ಲದ ಸೇಂಟ್-ಜೂಲಿಯೆನ್‌ನಲ್ಲಿ ದರ್ಜೆ ಪಡೆದ ತೋಟಗಳೇ ಹನ್ನೊಂದಿವೆ.

ಇನ್ನು ಕ್ರಮ. ಹಳೆಬಿರಡೆಯವರ ಹಳೆಯದರಿಂದ ಎಳೆಯದಕ್ಕೆ ಎಂಬ ನಿಯಮವನ್ನು ನಾನು ಹಾಗೆಯೇ ಒಪ್ಪಲಾರೆ. ಯಾವ ಕೂಟದಲ್ಲಿಯೂ ಮೊದಲ ಲೋಟಕ್ಕೆ ನ್ಯಾಯ ಸಿಗುವುದಿಲ್ಲ. ಜನ ಆಗಷ್ಟೇ ಚಳಿಯಿಂದ ಒಳಗೆ ಬಂದಿರುತ್ತಾರೆ, ಬಾಯಲ್ಲಿ ಕಾಫಿಯ ರುಚಿ ಇರುತ್ತದೆ, ಮಾತು ಮುಗಿದಿರುವುದಿಲ್ಲ. ಅತ್ಯಂತ ನಾಜೂಕಾದ, ಲೋಟದಲ್ಲಿ ಅರ್ಧ ಗಂಟೆಗೇ ಕುಂದಬಹುದಾದ 1985ನ್ನು ಆ ಹೊತ್ತಿನಲ್ಲಿ ಬಡಿಸುವುದು ಜಾಣತನವಲ್ಲ. ನಾನಾಗಿದ್ದರೆ 2000 ಮತ್ತು 2001ರ ಜೋಡಿಯಿಂದ ಆರಂಭಿಸಿ, ಮನೆಯ ಶೈಲಿ ಎಲ್ಲರ ನಾಲಿಗೆಗೆ ಹಿಡಿದ ಮೇಲೆ 1985 ಮತ್ತು 1986ಕ್ಕೆ ಹೋಗಿ, ಅಲ್ಲಿಂದ ಕಾಲಕ್ರಮದಲ್ಲಿ ಮುಂದುವರಿಯುತ್ತೇನೆ.

ತೆರೆಯುವ ಹೊತ್ತನ್ನು ಹೀಗೆ ಹಂಚಿಕೊಳ್ಳಬಹುದು. ಎಲ್ಲ ಬಾಟಲಿಗಳನ್ನೂ ಎರಡು ದಿನ ಮುಂಚೆ ನೆಟ್ಟಗೆ ನಿಲ್ಲಿಸಿ, ಗಸಿ ತಳ ಸೇರಲಿ. 2009 ಮತ್ತು 2010ನ್ನು ಮೂರು ನಾಲ್ಕು ಗಂಟೆ ಮುಂಚೆ ಡಿಕ್ಯಾಂಟರಿಗೆ, ಅಂದರೆ ಅಗಲ ಹೊಟ್ಟೆಯ ಗಾಜಿನ ಹೂಜಿಗೆ, ಸುರಿದು, ಬಾಟಲಿಯನ್ನು ತೊಳೆದು ಮತ್ತೆ ಅದರೊಳಗೇ ತುಂಬಿದರೆ ಗಾಳಿಯೂ ತಗಲುತ್ತದೆ, ಮೇಜಿನ ಮೇಲೆ ಗೊಂದಲವೂ ಇರುವುದಿಲ್ಲ. 2000ದಿಂದ 2004ರವರೆಗಿನವಕ್ಕೆ ಎರಡು ಗಂಟೆ, 1995 ಮತ್ತು 1996ಕ್ಕೆ ಒಂದು ಗಂಟೆ ಸಾಕು. 1985 ಮತ್ತು 1986ನ್ನು ಮಾತ್ರ ಬಡಿಸುವ ಗಳಿಗೆಯಲ್ಲೇ ತೆರೆದು, ಬಾಟಲಿಯ ಕತ್ತಿನ ಹಿಂದೆ ದೀಪ ಹಿಡಿದು, ಗಸಿ ಕತ್ತಿನ ಬಳಿ ಬಂದೊಡನೆ ಕೈ ನಿಲ್ಲಿಸಬೇಕು. ಬಣ್ಣವೂ ಟ್ಯಾನಿನ್ನೂ ವರ್ಷಗಳ ಕಾಲ ಒಂದಕ್ಕೊಂದು ಕೂಡಿಕೊಳ್ಳುತ್ತ ಭಾರವಾಗಿ ತಳಕ್ಕೆ ಇಳಿದದ್ದೇ ಆ ಗಸಿ. ಹಳೆಯ ವೈನ್ ಒಗರು ಕಳೆದುಕೊಂಡು ಇಟ್ಟಿಗೆ ಬಣ್ಣಕ್ಕೆ ತಿರುಗುವುದರ ಹಿಂದೆಯೂ ಈ ಕೂಡಿಕೆಯ ಕೆಲಸವಿದೆ. ಅಷ್ಟು ಹಳೆಯ ಬಿರಡೆಗಳಿಗೆ ಸುರುಳಿ ಮೊಳೆಯ ಓಪನರ್ ಬಳಸಬೇಡಿ, ಬಿರಡೆಯ ಎರಡೂ ಬದಿಗೆ ಇಳಿಯುವ ಎರಡು ಅಲಗಿನ ಸಾಧನ ತೆಗೆದುಕೊಳ್ಳಿ.

ಉತ್ತರ: ನಂದಿತಪ್ಪಲು, ಬೆಂಗಳೂರು

ನಿಮ್ಮ ಚರ್ಚೆಯನ್ನು ಅಸೂಯೆಯಿಂದಲೇ ಓದುತ್ತಿದ್ದೇನೆ. ಇಲ್ಲಿ ಇಂಥ ಕೂಟ ನಡೆಸಲು ಅಡ್ಡಿಯಾಗುವುದು ಆಮದು ಸುಂಕವೊಂದೇ ಅಲ್ಲ. ಇಪ್ಪತ್ತು ವರ್ಷ ತಂಪಾದ ಜಾಗದಲ್ಲಿ ಅಲುಗಾಡದೆ ಮಲಗಿದ್ದ ಬಾಟಲಿ ಸಿಗುವುದೇ ದುರ್ಲಭ. ನಂದಿಬೆಟ್ಟದ ಸುತ್ತಲಿನ ತೋಟಗಳಿಗೂ ಬೋರ್ಡೋಗೂ ಸಂಬಂಧವಿಲ್ಲದಿಲ್ಲ. ಗ್ರೋವರ್ ತೋಟಕ್ಕೆ ಬೋರ್ಡೋದ ಪೊಮೆರೊಲ್‌ನ ವೈನ್ ತಜ್ಞ ಮಿಷೆಲ್ ರೋಲಾಂ 1990ರ ದಶಕದಿಂದ ಸಲಹೆಗಾರರಾಗಿ ಬಂದದ್ದರಿಂದಲೇ ಅಲ್ಲಿನ ಕ್ಯಾಬರ್ನೇ ಇಂದಿನ ರೂಪಕ್ಕೆ ಬಂತು. ಆದರೆ ನಮ್ಮಲ್ಲಿ ಬಳ್ಳಿಗೆ ಚಳಿಗಾಲದ ನಿದ್ರೆಯಿಲ್ಲ, ವರ್ಷಕ್ಕೆ ಎರಡು ಸಲ ಸವರಬೇಕು, ಕೊಯ್ಲು ನಡೆಯುವುದು ಮಳೆಯ ಹಂಗಿಲ್ಲದ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ. ಸೆಪ್ಟೆಂಬರ್ ಮಳೆಯ ಎದುರು ಉಸಿರು ಬಿಗಿಹಿಡಿದು ನಿಲ್ಲುವ ಆ ಪರಿಸ್ಥಿತಿ ಇಲ್ಲಿಲ್ಲದ ಕಾರಣ, ನಮ್ಮ ತೋಟಗಳ ವರ್ಟಿಕಲ್ ನಡೆಸಿದರೆ ಹೇಳಲು ಸಿಗುವುದು ಬೇರೆಯೇ ಮಾತು.

ಒಂದು ಪ್ರಶ್ನೆ: ಹೊಸಬರೇ ಹೆಚ್ಚಿರುವ ಕೂಟದಲ್ಲಿ ಲೇಬಲ್ ಮುಚ್ಚಿ ಬಡಿಸುವುದು ಒಳ್ಳೆಯದಲ್ಲವೇ?

ಮೆಡಾಕ್‌ಪ್ರಿಯ

ಇಷ್ಟು ವಿವರವಾದ ಉತ್ತರಗಳನ್ನು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆಗಳು. ಜೋಡಿಗಳ ಪಟ್ಟಿಯನ್ನು ಗೆಳೆಯರೆಲ್ಲರೂ ಒಪ್ಪಿದ್ದಾರೆ. 2016ನ್ನು ಬಿಡಬೇಕಾಯಿತೆಂದು ಒಬ್ಬರು ಮಾತ್ರ ಮುನಿಸಿಕೊಂಡಿದ್ದಾರೆ.

ಇನ್ನು ಕೆಲವು ಸಂದೇಹಗಳಿವೆ. ಮೊದಲನೆಯದು ಪ್ರಮಾಣದ್ದು. ಹತ್ತು ಬಾಟಲಿ, ಹನ್ನೆರಡು ಜನ ಎಂದರೆ ಎಷ್ಟು ಬಡಿಸಬೇಕು? ಸವಿದು ಉಗುಳಬೇಕೆಂದು ಪುಸ್ತಕಗಳು ಹೇಳುತ್ತವೆ, ಆದರೆ ಊಟದ ಮೇಜಿನ ಬಳಿ ಎಲ್ಲರ ಎದುರು ಒಂದೇ ಪಾತ್ರೆಗೆ ಉಗುಳುವುದೆಂದರೆ ನಮ್ಮವರಲ್ಲಿ ಹಲವರಿಗೆ, ಎಂಜಲಿನ ಸಂಸ್ಕಾರದಲ್ಲಿ ಬೆಳೆದವರಿಗೆ, ಕಲ್ಪಿಸಿಕೊಳ್ಳಲೂ ಆಗದ ವಿಷಯ. ಎರಡನೆಯದು ಊಟದ್ದು. ಅರ್ಧದಷ್ಟು ಜನ ಸಸ್ಯಾಹಾರಿಗಳು, ಮತ್ತು ಅಡುಗೆ ಮಾಡುತ್ತೇವೆಂದು ಮುಂದೆ ಬಂದವರು ಖಾರವಿಲ್ಲದೆ ಅಡುಗೆಯೇ ಅಲ್ಲವೆನ್ನುವವರು. ಅವರಲ್ಲೊಬ್ಬರು ವೈನನ್ನು ತಿಳಿಗೊಳಿಸಲು ಮೊಟ್ಟೆ ಬಳಸುತ್ತಾರಂತೆ, ನಿಜವೇ ಎಂದೂ ಕೇಳಿದ್ದಾರೆ. ಮುಚ್ಚಿ ಬಡಿಸುವ ಬಗ್ಗೆ ನಂದಿತಪ್ಪಲು ಅವರ ಪ್ರಶ್ನೆ ನನ್ನದೂ ಹೌದು.

ಉತ್ತರ: ಹಳೆಬಿರಡೆ

ಲೆಕ್ಕದಿಂದ ಆರಂಭಿಸೋಣ. ಒಬ್ಬರಿಗೆ 60 ಮಿ.ಲೀ. ಬಡಿಸಿದರೆ ಹನ್ನೆರಡು ಜನರಿಗೆ 720 ಮಿ.ಲೀ. ಆಗುತ್ತದೆ, 750 ಮಿ.ಲೀ. ಬಾಟಲಿಯಲ್ಲಿ ತಳದ 30 ಮಿ.ಲೀ. ಗಸಿಯೊಂದಿಗೆ ಉಳಿಯುತ್ತದೆ. ಗಸಿ ಹೆಚ್ಚಿರುವ ಹಳೆಯ ಜೋಡಿಗೆ 55 ಮಿ.ಲೀ. ಸಾಕು. ಹತ್ತೂ ಬಾಟಲಿಗಳ ಪಾಲನ್ನು ಪೂರ್ತಿ ಕುಡಿದವರ ಹೊಟ್ಟೆಗೆ ಸುಮಾರು 600 ಮಿ.ಲೀ. ಸೇರುತ್ತದೆ, 13% ಲೆಕ್ಕದಲ್ಲಿ ಅದು ಬ್ರಿಟನ್ನಿನ ಅಳತೆಯ ಎಂಟು ಯೂನಿಟ್‌ಗಳ (ಒಂದು ಯೂನಿಟ್ ಎಂದರೆ 10 ಮಿ.ಲೀ. ಶುದ್ಧ ಮದ್ಯಸಾರ) ಹತ್ತಿರ, ಮತ್ತು ಅಲ್ಲಿನ ಆರೋಗ್ಯ ಇಲಾಖೆಯ ಸಲಹೆ ವಾರವಿಡೀ 14 ಯೂನಿಟ್ ಮೀರಬಾರದೆಂದು. ಮೂರನೆಯ ಜೋಡಿಯ ನಂತರ ಉಗುಳದವರ ಅಭಿಪ್ರಾಯಕ್ಕೆ ಬೆಲೆಯಿಲ್ಲ ಎಂಬುದನ್ನೂ ಸಂಕೋಚವಿಲ್ಲದೆ ಹೇಳುತ್ತೇನೆ. ಒಂದೇ ಪಾತ್ರೆ ಇಡಬೇಡಿ, ಪ್ರತಿಯೊಬ್ಬರಿಗೂ ಒಳಗೇನಿದೆಯೆಂದು ಕಾಣದ, ಮುಚ್ಚಳವಿರುವ ಕಾಗದದ ಲೋಟ ಕೊಡಿ. ಮೇಜಿನಿಂದ ದೂರ ತಿರುಗಿ ಬಳಸಿದರೆ ಯಾರಿಗೂ ಮುಜುಗರವಾಗುವುದಿಲ್ಲ. ಗಾಜಿನ ಲೋಟಗಳು ತಲೆಗೆ ನಾಲ್ಕಾದರೂ ಇರಲಿ. ಒಂದು ಜೋಡಿ ಮುಗಿಯುವ ಮುಂಚೆ ಇನ್ನೊಂದು ಬಂದಾಗ ಹಿಂದಿನದಕ್ಕೆ ಮರಳಿ ಮೂಸಿ ನೋಡಲು ಸಾಧ್ಯವಾಗಬೇಕು. ಹಳೆಯ ವೈನ್ ಲೋಟದಲ್ಲಿ ಹತ್ತು ನಿಮಿಷಕ್ಕೊಮ್ಮೆ ಬದಲಾಗುವುದನ್ನು ಗಮನಿಸದಿದ್ದರೆ ಅರ್ಧ ವೈನನ್ನು ಬಿಟ್ಟಂತೆಯೇ.

ಮುಚ್ಚಿ ಬಡಿಸುವುದರ ಬಗ್ಗೆ ನನ್ನ ನಿಲುವು ಮಧ್ಯದ್ದು. ಹತ್ತನ್ನೂ ಮುಚ್ಚಿಟ್ಟು ವರ್ಷ ಊಹಿಸಲು ಹೇಳಿದರೆ ಅದು ಒಗಟಿನ ಆಟವಾಗುತ್ತದೆ, ಹೊಸಬರು ಸೋಲುವ ಭಯದಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಎಲ್ಲವನ್ನೂ ತೋರಿಸಿದರೆ 2000 ಎಂಬ ಅಂಕೆಯನ್ನು ನೋಡಿಯೇ ಅದನ್ನು ಹೊಗಳಲು ತೊಡಗುತ್ತಾರೆ. ಜೋಡಿಯ ಎರಡು ವರ್ಷಗಳು ಯಾವುವೆಂದು ಮೊದಲೇ ಹೇಳಿ, ಆ ವರ್ಷಗಳ ಮಳೆ ಬಿಸಿಲಿನ ವಿವರವನ್ನೂ ನಾಲ್ಕು ಮಾತಿನಲ್ಲಿ ಕೊಟ್ಟು, ಯಾವ ಲೋಟ ಯಾವುದೆಂಬುದನ್ನು ಮಾತ್ರ ಮುಚ್ಚಿಡಿ. ಬಿಸಿಗಾಳಿಯ ವರ್ಷ ಎಡಗಡೆಯದೋ ಬಲಗಡೆಯದೋ ಎಂದು ಎರಡರಲ್ಲಿ ಒಂದನ್ನು ಆರಿಸುವುದು ಯಾರಿಗೂ ಅಸಾಧ್ಯವಲ್ಲ, ಮತ್ತು ಆರಿಸಿದವರು ಕಾರಣ ಹೇಳಲೇಬೇಕಾಗುತ್ತದೆ. 2000 ಮತ್ತು 2001ರಲ್ಲಿ ಹಲವರು 2001ನ್ನೇ ಮೆಚ್ಚಿದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಜಲ್ಲಿನೆಲ ಅವರು ಎತ್ತಿದ ಮೊದಲ ಲೋಟದ ತೊಂದರೆ ನಿಜವಾದದ್ದೇ. ಆದರೆ ಅದಕ್ಕಾಗಿ 2000ದ ಜೋಡಿಯನ್ನು ಮುಂದೆ ತಂದು ಕಾಲಕ್ರಮ ಕೆಡಿಸುವ ಅಗತ್ಯವಿಲ್ಲ. ಅದೇ ಮನೆಯ ಲಾ ರಿಸರ್ವ್‌ನ ಇತ್ತೀಚಿನ, ಹಗುರವಾದ ವರ್ಷವೊಂದನ್ನು ಬಂದವರಿಗೆ ನಿಂತಲ್ಲೇ ಒಂದೊಂದು ಗುಟುಕು ಕೊಟ್ಟು, ಮಾತು ಮುಗಿದ ಮೇಲೆ ಮೇಜಿಗೆ ಕರೆಯಿರಿ.

ಊಟವನ್ನು ಸವಿಯುವಿಕೆ ಮುಗಿದ ಮೇಲೆಯೇ ಇಡುವುದು ಉತ್ತಮ. ನಡುವೆ ಉಪ್ಪಿಲ್ಲದ ಬ್ರೆಡ್ಡು ಮತ್ತು ನೀರು ಸಾಕು. ಮೆಣಸಿನ ಖಾರ ಬಾಯಿಯಲ್ಲಿದ್ದಾಗ ಮದ್ಯದ ಉರಿ ಮತ್ತು ಟ್ಯಾನಿನ್ನಿನ ಒಗರು ಎರಡೂ ಹೆಚ್ಚಾಗಿ ತೋರುತ್ತವೆ, ಹಣ್ಣಿನ ರುಚಿ ಅಡಗುತ್ತದೆ. ಆದುದರಿಂದ ನಿಮ್ಮ ಅಡುಗೆಯವರು ಎಷ್ಟೇ ಬೇಸರಪಟ್ಟರೂ ಈ ಒಂದು ಸಂಜೆ ಮಣಿಯಲೇಬೇಕು. ಕುರಿಮಾಂಸ ತಿನ್ನುವವರಿಗೆ ಸೇಂಟ್-ಜೂಲಿಯೆನ್‌ನ ನೆರೆಯೂರಾದ ಪೊಯಾಕ್‌ನ ಕುರಿಮರಿಯ ಹೆಸರನ್ನು ಎಲ್ಲರೂ ಹೇಳುತ್ತಾರೆ, ಬ್ರಿಟನ್ನಿನ ಒಳ್ಳೆಯ ಕುರಿಮಾಂಸವೂ ಅದಕ್ಕೆ ಕಡಿಮೆಯಲ್ಲ. ಸಸ್ಯಾಹಾರಿಗಳಿಗೆ ಬೆಣ್ಣೆಯಲ್ಲಿ ನಿಧಾನವಾಗಿ ಹುರಿದ ಅಣಬೆ, ಒಲೆಯಲ್ಲಿ ಸುಟ್ಟ ಬದನೆ, ಚೆನ್ನಾಗಿ ಹಳೆಯದಾದ ಕೋಂತೆ ಅಥವಾ ಗೌಡಾ ಚೀಸು ಕೊಡಬಹುದು. ಪ್ರೋಟೀನು ಮತ್ತು ಕೊಬ್ಬು ಟ್ಯಾನಿನ್ನನ್ನು ತಮ್ಮ ಕಡೆಗೆ ಸೆಳೆದುಕೊಳ್ಳುವುದರಿಂದ 2010 ಕೂಡ ಅವುಗಳ ಜೊತೆ ಮೃದುವಾಗುತ್ತದೆ.

ಮೊಟ್ಟೆಯ ಮಾತು ನಿಜ. ಪೀಪಾಯಿಯಲ್ಲಿ ಮಾಗುತ್ತಿರುವ ವೈನಿಗೆ ಮೊಟ್ಟೆಯ ಬಿಳಿಭಾಗವನ್ನು ಕಲಕಿ ಹಾಕುವುದು ಬೋರ್ಡೋದ ಹಳೆಯ ಪದ್ಧತಿ. 225 ಲೀಟರಿನ ಒಂದು ಪೀಪಾಯಿಗೆ ಸುಮಾರು ನಾಲ್ಕರಿಂದ ಆರು ಮೊಟ್ಟೆ. ಅದು ಒರಟಾದ ಟ್ಯಾನಿನ್ನನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ, ಬಳಿಕ ಮೇಲಿನ ತಿಳಿಯನ್ನು ಬೇರೆ ಪೀಪಾಯಿಗೆ ಬಸಿಯುತ್ತಾರೆ. ಉಳಿದ ಹಳದಿ ಭಾಗವನ್ನು ಏನು ಮಾಡುವುದೆಂಬ ಚಿಂತೆಯಿಂದಲೇ ಬೋರ್ಡೋದ ಕ್ಯಾನೆಲೆ ಎಂಬ ಸಿಹಿ ಹುಟ್ಟಿತೆಂದು ಅಲ್ಲಿಯವರು ಹೇಳಿಕೊಳ್ಳುತ್ತಾರೆ. ಕಟ್ಟುನಿಟ್ಟಿನವರಿಗೆ ಇದನ್ನು ಮುಂಚಿತವಾಗಿ ತಿಳಿಸಿಬಿಡುವುದು ಮರ್ಯಾದೆ, ನಿರ್ಧಾರ ಅವರದು.

ಉತ್ತರ: ಜಲ್ಲಿನೆಲ

ಲಾ ರಿಸರ್ವ್‌ನ ಗುಟುಕಿನ ಉಪಾಯ ನನಗೂ ಒಪ್ಪಿಗೆ. ಆದರೂ ನನ್ನ ಮನೆಯಲ್ಲಿ ನಾನು 2000ದಿಂದಲೇ ಆರಂಭಿಸುತ್ತೇನೆ.

ಕೊಳ್ಳುವ ವಿಷಯದಲ್ಲಿ ಎರಡು ಮಾತು ಉಳಿದಿವೆ. 1985 ಮತ್ತು 1986ನ್ನು ಹರಾಜಿನಲ್ಲಿ ಕೊಳ್ಳುವಿರಾದರೆ ಬೆಲೆಗಿಂತ ಮೊದಲು ಬಾಟಲಿಯ ಕತ್ತಿನಲ್ಲಿ ವೈನ್ ಎಲ್ಲಿಯವರೆಗೆ ಇದೆಯೆಂಬುದರ ಚಿತ್ರವನ್ನು ಕೇಳಿರಿ. ಕತ್ತಿನ ಬುಡದ ತನಕ ಇದ್ದರೆ ಈ ವಯಸ್ಸಿಗೆ ಚಿನ್ನ. ಭುಜದ ಮೇಲ್ಭಾಗದಲ್ಲಿದ್ದರೆ ಸಹಜ. ಭುಜದ ನಡುವಿಗೆ ಇಳಿದಿದ್ದರೆ, ಬಿರಡೆ ಸೋತು ಗಾಳಿ ಒಳಹೊಕ್ಕಿರುವ ಸಂಭವವಿರುವುದರಿಂದ ಬಿಟ್ಟುಬಿಡಿ. ಬ್ರಿಟನ್ನಿನಲ್ಲಿ ಸುಂಕ ಕಟ್ಟುವ ಮುನ್ನ ವೈನನ್ನು ಇಡುವ ಬಾಂಡೆಡ್ ಗೋದಾಮುಗಳಲ್ಲಿ ಮೊದಲಿನಿಂದಲೂ ಇದ್ದ ಬಾಟಲಿಗಳು ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಅವುಗಳ ಉಷ್ಣತೆಗೆ, ಕೈ ಬದಲಾಗದ್ದಕ್ಕೆ ದಾಖಲೆಯಿರುತ್ತದೆ. ಗೋದಾಮಿನ ಬೆಲೆಯ ಮೇಲೆ ಸುಂಕ ಮತ್ತು ವ್ಯಾಟ್ ಸೇರುವುದನ್ನು ಮಾತ್ರ ಲೆಕ್ಕದಲ್ಲಿಡಿ.

ಬಿರಡೆಯ ದೋಷ ಯಾವ ಬಾಟಲಿಯಲ್ಲೂ ಇರಬಹುದು. ಟ್ರೈಕ್ಲೋರೋಅನಿಸೋಲ್ ಎಂಬ ವಸ್ತುವಿನಿಂದ ಬರುವ ಆ ನೆನೆದ ರಟ್ಟಿನ ವಾಸನೆ ಒಮ್ಮೆ ಬಂದರೆ ಗಾಳಿಗೆ ಹೋಗುವುದಿಲ್ಲ, ಹೊತ್ತು ಕಳೆದಂತೆ ಹೆಚ್ಚುತ್ತದೆ. ಜೋಡಿಯಲ್ಲಿ ಒಂದು ಕೆಟ್ಟರೆ ಇನ್ನೊಂದೂ ಅರ್ಥ ಕಳೆದುಕೊಳ್ಳುವುದರಿಂದ, ಕೈಕಾವಲಿಗೆ 2004ರ ಇನ್ನೊಂದು ಬಾಟಲಿ ಅಥವಾ ಒಂದು 2014 ಇಟ್ಟುಕೊಳ್ಳಿ. ಅವೆರಡೂ ದುಬಾರಿಯಲ್ಲ, ಬೇಡವಾದರೆ ಮರುದಿನದ ಊಟಕ್ಕಾಯಿತು. ಕೋಣೆಯ ಹೀಟರನ್ನು ಮಧ್ಯಾಹ್ನವೇ ತಗ್ಗಿಸಿ. ವೈನ್ ಲೋಟಕ್ಕೆ ಬರುವಾಗ 16ರಿಂದ 18 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು, ಮತ್ತು ಹನ್ನೆರಡು ಜನ ಕುಳಿತ ಮುಚ್ಚಿದ ಕೋಣೆ ನೀವು ಎಣಿಸಿದ್ದಕ್ಕಿಂತ ಬೇಗ ಕಾಯುತ್ತದೆ.